ಮುಹೂರ್ತದ ಹನಿ

ಬೆಳ್ಳಗಾಗುವ ಆಸೆಗೆ ಊರಿಗೆ ಊರೇ ಮೈಬಣ್ಣ ಬದಲಿಸುವ ಕಪ್ಪೆಯ ಗ್ರಂಥಿ ಕಸಿ ಮಾಡಿಸಿಕೊಂಡಿತ್ತು. ಬೆಳಿಗ್ಗೆ ಮೂಗಿಗೆ ಡೋಪಮೈನ್ ಹನಿ ಬಿದ್ದರೆ ಗ್ರಂಥಿ ತೆಪ್ಪಗಿರುತ್ತದೆ, ಮೈ ಬೆಳ್ಳಗಿರುತ್ತದೆ. ತಪ್ಪಿದರೆ ಸ್ವಲ್ಪ ಹೊತ್ತಿಗೇ ಮೈಯೆಲ್ಲ ಮಸಿಯಾಗುತ್ತದೆ.

ಮಗನ ಮದುವೆಯ ದಿನ ಗಿರಿಜಾಂಬ ಹನಿ ಹಾಕಿಸಿಕೊಳ್ಳಲು ಇಂದುಮತಿಯ ಪಾರ್ಲರಿಗೆ ಬಂದರು. ಹಿಂದೆ ಇದೇ ಮಗನಿಗೆ ಇಂದುಮತಿಯನ್ನು ನೋಡಲು ಬಂದು, ಎರಡೆರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದು, "ಹುಡುಗಿ ಕಪ್ಪು" ಎಂದು ಎದ್ದು ಹೋಗಿದ್ದವರು. ಈಗ ಬೆಳ್ಳಗಿದ್ದ ಅವಳ ಗುರುತು ಅವರಿಗೆ ಸಿಗಲಿಲ್ಲ.

ಇಂದುಮತಿ ಗಿರಿಜಾಂಬರ ಮೂಗಿಗೆ ಬರೀ ನೀರು ಬಿಟ್ಟಳು.

"ಧಾರೆ ಹೊತ್ತಿಗೆ ಬಣ್ಣ ಸರಿಯಾಗಿ ಕೂತಿರುತ್ತೇನಮ್ಮ?"

"ಕೂತಿರುತ್ತೆ ಬಿಡಿ."

"ನೀನೂ ಮದುವೆಗೆ ಬಾಮ್ಮ."

"ಬರದೇ ಇರ್ತೀನಾ," ಎಂದಳು ಇಂದುಮತಿ, ಅವರ ಕೆನ್ನೆ ಒರೆಸುತ್ತ. "ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದು, ನಿಮ್ಮನ್ನ ಕಣ್ತುಂಬ ನೋಡಿಕೊಂಡೇ ಎದ್ದು ಹೋಗ್ತೀನಿ."