ಬಾಡಿಗೆ ಕಾಲು

ಪದವಿ ಮುಗಿಸಿ ಬೇರೆ ಕಾಲೇಜಿನ ತಂಡ ಸೇರುವ ಫುಟ್‌ಬಾಲ್ ಆಟಗಾರರ ತಲೆಯಿಂದ ಹಳೆಯ ಕಾಲೇಜಿನ ನೆನಪನ್ನು ಅಳಿಸುವುದು ಧಾರವಾಡದಲ್ಲಿ ಈಗ ಮಾಮೂಲಿ.

"ಬಾಡಿಗಿ ಕಾಲು ತಂದು ಗೆದ್ರ ಅದೊಂದು ಗೆಲುವೇನು?" ಗ್ಯಾಲರಿಯ ಮುಂದಿನ ಸಾಲಿನಲ್ಲಿ ನೀಲಾಂಬಿಕಾ ಮೂಗು ಮುರಿದಳು.

"ಗೋಲ್ ಹೊಡಿತಾನಲ್ಲ, ಸಾಕ್ ಬಿಡಕ್ಕ," ಎಂದ ಪಕ್ಕದ ಚನ್ನವೀರ.

ಅವರ ತಂಡದ ಹೊಸಬ ಡೆನ್ಜಿಲ್ ತನ್ನ ಹಳೆಯ ಕಾಲೇಜಿನ ವಿರುದ್ಧವೇ ಗೆಲುವಿನ ಗೋಲು ಹೊಡೆದ. ಗ್ಯಾಲರಿ ಕುಣಿಯಿತು. ಅವನಿಗೆ ಆಟ ಕಲಿಸಿದ್ದ, ಸೋತ ತಂಡದ ಮುದಿ ಕೋಚ್ ಫಕೀರಪ್ಪ ಆಟ ಮುಗಿದ ಮೇಲೆ ಗ್ಯಾಲರಿಯ ಎದುರಿಗೇ ಬಂದು ಬೆನ್ನು ತಟ್ಟಿದರು.

"ತಾವು ಯಾರು ಸರ್?" ಡೆನ್ಜಿಲ್ ವಿನಯದಿಂದಲೇ ಕೇಳಿದ.

"ನಿನ್ನ ಆಟ ಮೆಚ್ಚಿದಾಂವ ಅಪ್ಪಾ," ಎಂದು ಫಕೀರಪ್ಪ ತಲೆ ತಗ್ಗಿಸಿ ಹೊರಟರು.

"ನೋಡ್ಕೊ ನಿನ್ನ ಗೆಲುವು!" ನೀಲಾಂಬಿಕಾ ತಂಡದ ಶಾಲನ್ನು ಕೊರಳಿಂದ ಕಿತ್ತು ಚನ್ನವೀರನ ಮಡಿಲಿಗೆಸೆದು ಹೊರನಡೆದಳು.