ಹಳದಿ ಚುಕ್ಕೆಯ ವಿಳಾಸ

ಆ ಸೋಮವಾರ ವಿದ್ಯಾರ್ಥಿನಿ ಅಡುಗೆಗೆ ಉಪ್ಪು ಹಾಕಲು ಮರೆತಳು. ಅಡುಗೆ ಬ್ಯಾಕ್ಟೀರಿಯಾಗಳಿಗೆ. ಸಮುದ್ರದ ತಳದ ಕೆಸರಿನಿಂದ ಬಂದ ಒಂಬತ್ತು ಬಗೆಯ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಗಳಲ್ಲಿ ಸಾಕಿ, ಯಾವುದು ಯಾವುದಕ್ಕೆ ನೆಂಟ ಎಂದು ವಿಂಗಡಿಸಿ, ಹೆಸರಿಲ್ಲದ್ದಕ್ಕೆ ಹೆಸರಿಡುವುದು ಅವಳ ಪಿಎಚ್‌ಡಿ. ಉಪ್ಪಿಲ್ಲದ ಊಟಕ್ಕೆ ಎಂಟು ಬಗೆಗಳು ತಟ್ಟೆಯಲ್ಲಿ ತಲೆಯೆತ್ತಲೇ ಇಲ್ಲ. ಒಂಬತ್ತನೆಯದು ಮಾತ್ರ, ಮಾವನ ಮನೆಯಲ್ಲಿ ಉಳಿದ ಅಳಿಯನ ಹಾಗೆ, ಹಳದಿಯಾಗಿ ಮೈ ತುಂಬಿಕೊಂಡು ಕೂತಿತ್ತು.

ಹೊಸ ಪ್ರಭೇದವೆಂದರೆ ಆ ಒಂಬತ್ತನೆಯದೇ. ಗೋಡೆಯ ಮೇಲಿನ ವಂಶವೃಕ್ಷದಲ್ಲಿ ಉಳಿದ ಎಂಟೂ ಒಂದೇ ಕೊಂಬೆಗೆ ಜೋತುಬಿದ್ದಿದ್ದರೆ, ಇದು ಯಾರ ಗೊಡವೆಯೂ ಬೇಡವೆಂಬಂತೆ ದೂರ ನಿಂತಿತ್ತು. ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಪ್ರೊಫೆಸರರ ಹೆಸರಿಗೆ ಲ್ಯಾಟಿನ್ ಬಾಲವೊಂದನ್ನು ಅಂಟಿಸಿ ಅದಕ್ಕೆ ಇಡುವುದೆಂದು ತೀರ್ಮಾನವಾಗಿತ್ತು. ತನ್ನ ಹೆಸರನ್ನು ತಾನೇ ಇಡುವುದು ಈ ಶಾಸ್ತ್ರದಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಪ್ರೊಫೆಸರರು ಅದನ್ನು ಅವಳ ಕಿವಿಗೆ ಹಾಕಿ, ಅವಳು ಎಲ್ಲರೆದುರು ಹೇಳಿದಾಗ ಆಶ್ಚರ್ಯಪಟ್ಟಿದ್ದರು.

"ಉಪ್ಪಿಲ್ದೇನೂ ಬದುಕುತ್ತಾ? ಭಲೇ!" ಎಂದರು ಪ್ರೊಫೆಸರರು, ತಟ್ಟೆಯ ಮುಚ್ಚಳ ತೆಗೆಯುತ್ತ. "ಹೊಂದಿಕೊಂಡು ಹೋಗೋ ಸ್ವಭಾವ ಅಂತ ಬರಿ."

ನಂತರ, ಎಂದಿನಂತೆ, ಅತ್ತರಿನ ವ್ಯಾಪಾರಿ ಬಾಟಲಿ ಮೂಸುವ ಹಾಗೆ ತಟ್ಟೆಯನ್ನು ಮೂಗಿಗೆ ಹಿಡಿದರು. ಅವರ ದಪ್ಪ ಮೀಸೆ ಹೆಚ್ಚುಕಡಿಮೆ ಅದರೊಳಗೇ ಇಳಿಯಿತು. "ಮೂಗೇ ಕಣಮ್ಮ ನಮ್ಮ ಮೊದಲನೇ ಉಪಕರಣ. ಈ ಹಳದಿ ಚುಕ್ಕೇನ ಮೊದಲು ಹಿಡಿದಿದ್ದೂ ನಾನೇ, ನೆನಪಿದೆ ತಾನೇ?"

"ಇದೆ ಸರ್. ಆದ್ರೆ ಇದನ್ನ ತಣ್ಣಗಿಟ್ರೆ ಬೆಳೆಯಲ್ಲ. ಸಮುದ್ರದ ತಳದಲ್ಲಿ ಕೊರೆಯೋ ಚಳಿ. ಇದಕ್ಕೆ ಹಿತವಾಗಿರೋದು ಮೈಬಿಸಿ."

"ಯಾರ ಮೈ?"

"ಅದೇ ಗೊತ್ತಾಗ್ಬೇಕು. ಕೆಸರಿನ ಜೊತೆ ಬಂದಿದ್ದಲ್ಲ ಅನ್ಸುತ್ತೆ. ನಮ್ಮಲ್ಲೇ ಯಾರಿಂದಲೋ ತಟ್ಟೆಗೆ ಉದುರಿದೆ."

ಪ್ರೊಫೆಸರರು ಮುಚ್ಚಳ ಮುಚ್ಚಿದರು. "ಕೈ ತೊಳ್ಕೊಳ್ದೆ ಕೆಲಸ ಮಾಡಿದ ಪುಣ್ಯಾತ್ಮ ಯಾರು ಅಂತ ನನಗೆ ಗೊತ್ತಾಗ್ಬೇಕು! ಸಮುದ್ರದ ತಳದಲ್ಲಿ ನನ್ನ ಹೆಸರಿದೆ ಅಂತ ಬೀಗರಿಗೆಲ್ಲ ಹೇಳಿಬಿಟ್ಟಿದ್ದೀನಿ."

ತನಿಖೆಗೆ ಅವರೇ ಆಜ್ಞೆ ಮಾಡಿದರು. ಲ್ಯಾಬಿನವರೆಲ್ಲ ಸಾಲಾಗಿ ನಿಂತು ಕೈ, ಮೂಗು, ಕಿವಿಗಳನ್ನು ಹತ್ತಿಯ ಕಡ್ಡಿಗೆ ಒಪ್ಪಿಸಿದರು. ಒಬ್ಬೊಬ್ಬರ ಹೆಸರಿಗೂ ಒಂದೊಂದು ತಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಬಿಳಿ ಇತ್ತು, ಬೂದಿ ಇತ್ತು, ಒಬ್ಬರ ಕಿವಿಯಿಂದ ಗುಲಾಬಿಯೂ ಬಂದಿತ್ತು. ಆ ಹಳದಿ ಎಲ್ಲೂ ಇರಲಿಲ್ಲ.

"ಇನ್ನು ಒಬ್ಬರದು ಬಾಕಿ ಇದೆ, ಸರ್."

"ಯಾರದು? ಕರಿ ಅವರನ್ನ."

ವಿದ್ಯಾರ್ಥಿನಿ ಯಾರನ್ನೂ ಕರೆಯಲಿಲ್ಲ. ಹೊಸ ಹತ್ತಿಕಡ್ಡಿಯೊಂದರ ಪೊಟ್ಟಣ ಹರಿದು, ಪ್ರೊಫೆಸರರ ಮುಂದೆಯೇ ಹಿಡಿದು ನಿಂತಳು.

ಮತ್ತೆರಡು ದಿನಕ್ಕೆ ಆ ತಟ್ಟೆಯೂ ಹೊರಬಂತು, ಅದೇ ಹಳದಿ ಚುಕ್ಕೆಗಳನ್ನು ಹೊತ್ತು. ಪ್ರೊಫೆಸರರು ಈ ಸಲ ಮೂಸಲಿಲ್ಲ.

"ಮೂಗಿಂದಾ?" ಎಂದು ಕೇಳಿದರು.

"ಅಲ್ಲ ಸರ್. ಮೀಸೇದು. ವಂಶವೃಕ್ಷದಲ್ಲಿ ಒಂಟಿಯಾಗಿ ನಿಂತಿದ್ದು ಅದಕ್ಕೇ. ಬೇರೆ ಮನೆತನದ ಫೋಟೋದಲ್ಲಿ ಬಂದು ನಿಂತ್ಕೊಂಡಿತ್ತು, ಪಾಪ. ಆದ್ರೆ ಹೊಸದು ಅನ್ನೋದು ಸುಳ್ಳಲ್ಲ. ಪ್ರಪಂಚದ ಯಾವ ಪಟ್ಟಿಯಲ್ಲೂ ಇದು ಇಲ್ಲ."

"ಹಾಗಾದ್ರೆ ಹೆಸರು ಬದಲಾಯಿಸಿಬಿಡೋಣ."

"ಯಾಕೆ ಸರ್? ಹೆಸರು ಸರಿಯಾಗೇ ಇದೆ. ವಿಳಾಸ ಒಂದೇ ತಪ್ಪು."

ಪ್ರೊಫೆಸರರು ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು ದನಿ ತಗ್ಗಿಸಿದರು. "ಸಮುದ್ರ ಅಂತಲೇ ಇರ್ಲಿ ಬಿಡಮ್ಮ. ಯಾರು ಇಳಿದು ನೋಡ್ತಾರೆ?"

ಹೊಸ ಪ್ರಭೇದವನ್ನು ಪ್ರಕಟಿಸುವ ಲೇಖನಕ್ಕೆ ಅವರ ಸಹಿ ಬೀಳದಿದ್ದರೆ ಅವಳ ನಾಲ್ಕು ವರ್ಷ ಕಸದ ಬುಟ್ಟಿಗೆ. ಸುಳ್ಳಿಗೆ ಸಹಿ ಬಿದ್ದರೆ, ಇವತ್ತಲ್ಲ ನಾಳೆ, ಪದವಿಯೇ ಬುಟ್ಟಿಗೆ. ಅವಳು ತಟ್ಟೆಯನ್ನೇ ನೋಡುತ್ತ ಹೇಳಿದಳು: "ಸಮುದ್ರಕ್ಕೆ ಯಾರೂ ಇಳಿಯಲ್ಲ ಸರ್. ಆದ್ರೆ ಹೊಸ ಹೆಸರು ಊರ್ಜಿತ ಆಗ್ಬೇಕಾದ್ರೆ ಇದರ ಜೀವಂತ ಮಾದರೀನ ಎರಡು ದೇಶದ ಸಂಗ್ರಹಾಲಯಗಳಿಗೆ ಕಳಿಸ್ಬೇಕಲ್ಲ. ಉಪ್ಪು ಹಾಕೋಕೆ ಮರೆಯೋರು ಎಲ್ಲಾ ದೇಶದಲ್ಲೂ ಇರ್ತಾರೆ."

ಪ್ರೊಫೆಸರರ ಕೈ ಮೀಸೆಗೆ ಹೋಯಿತು. ಬೆಂಕಿ ತಾಗಿದಂತೆ ಅರ್ಧದಲ್ಲೇ ಹಿಂದಕ್ಕೆ ಬಂತು. ಲೇಖನದಲ್ಲಿ 'ವಾಸಸ್ಥಾನ' ಎಂಬಲ್ಲಿ 'ಆಳಸಮುದ್ರದ ಕೆಸರು' ಎಂದಿದ್ದುದನ್ನು ಅವಳು ಅಳಿಸಿ, 'ಮನುಷ್ಯನ ಮೇಲ್ದುಟಿಯ ಕೂದಲು' ಎಂದು ತಿದ್ದಿದಳು. ಅವರು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. "ಯಾರ ಮೇಲ್ದುಟಿ ಅಂತ ಬರೀಬೇಡ," ಎಂದರು.

"ಬರೆಯೋದೇ ಬೇಡ ಸರ್. ಹೆಸರಿದೆಯಲ್ಲ."

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಒಬ್ಬ ಹಿರಿಯರನ್ನು ತಡೆದು, "ಯಾರು ಬೇಕಾಗಿತ್ತು, ಸ್ವಾಮಿ?" ಎಂದು ಕೇಳಿದ. ಅವರು ಗುರುತಿನ ಚೀಟಿ ತೋರಿಸಿದರು. ಕಾವಲುಗಾರ ಚೀಟಿಯ ಫೋಟೋದಲ್ಲಿದ್ದ ಮೀಸೆಯನ್ನೂ ಎದುರಿಗಿದ್ದ ನುಣ್ಣನೆಯ ಮೇಲ್ದುಟಿಯನ್ನೂ ಮೂರು ಸಲ ಹೋಲಿಸಿ ನೋಡಿ, ಅರೆಮನಸ್ಸಿನಿಂದ ಒಳಗೆ ಬಿಟ್ಟ.

ವಿದ್ಯಾರ್ಥಿನಿ ಅವರನ್ನು ನೋಡಿದಳು. ನಮಸ್ಕಾರ ಹೇಳಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಕಳಿಸಲು ಸಿದ್ಧವಾಗಿದ್ದ ಲೇಖನವನ್ನು ಮತ್ತೆ ತೆರೆದು, ವಾಸಸ್ಥಾನದ ಕೆಳಗೆ ಒಂದು ಸಾಲು ಸೇರಿಸಿದಳು: 'ಈ ಪ್ರಭೇದದ ಏಕೈಕ ನೈಸರ್ಗಿಕ ನೆಲೆ ಈಗ ನಾಶವಾಗಿದೆ.'