ಹೊಸಬಳು ಕೊಂಡ ಕತ್ತಿ

ಮೂರನೆಯ ಸಲವೂ ಅದೇ ಕತ್ತಿ ಬಂತು.

ಕೊರಿಯರಿನವನು ಉದ್ದನೆಯ ಪೆಟ್ಟಿಗೆಯನ್ನು ಬಾಗಿಲಿಗೆ ಒರಗಿಸಿ, ಸಹಿ ಹಾಕಿಸಿಕೊಂಡು ಹೋದ. ಅದು ಕಟ್ಟುಹಲ್ಲು ತಯಾರಿಸುವ ಲ್ಯಾಬು. ಆಕೆ ಉಜ್ಜುವ ಯಂತ್ರ ನಿಲ್ಲಿಸಿ, ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಟ್ಟು, ಮೈಮೇಲಿನ ಬಿಳಿ ಪುಡಿ ಕೊಡವಿಕೊಂಡು ಎದ್ದಳು. ಎದುರು ಮೇಜಿನಲ್ಲಿ ಅಚ್ಚು ಎರೆಯುತ್ತಿದ್ದ ಹೆಂಗಸನ್ನು ಎಲ್ಲರೂ ಪ್ಲಾಸ್ಟರಕ್ಕ ಎನ್ನುತ್ತಿದ್ದರು. ಹಲ್ಲು ಉಜ್ಜುವ ಆಕೆ ಇಲ್ಲಿಗೆ ಸೇರಿ ನಾಲ್ಕೇ ತಿಂಗಳು. ಆದರೂ ಪ್ಲಾಸ್ಟರಕ್ಕನಿಗೆ ಆಕೆಯ ಮೇಲೆ ಒಡಹುಟ್ಟಿದವಳ ಅಧಿಕಾರ.

ಪೆಟ್ಟಿಗೆ ಬಿಚ್ಚಿದರು. ಹಳೆಯ ಜಪಾನಿ ಕತ್ತಿ. ಹಿಡಿಗೆ ಸುತ್ತಿದ ಹಸಿರು ರೇಷ್ಮೆ ಪಟ್ಟಿ ಒಂದು ಕಡೆ ಎಳೆ ಬಿಟ್ಟಿತ್ತು.

“ಹೋದ ತಿಂಗಳು ಬಂದಿದ್ದೂ ಇದೇ ಅಲ್ವೇನೇ? ಅದರ ಹಿಂದಿನ ತಿಂಗಳೂ?”

“ಹೌದಕ್ಕ.”

“ಮತ್ತೆ ಆ ಮಾರೋನ ಹತ್ರ ಹೇಗೆ ಹೋಯ್ತು?”

“ನಾನೇ ವಾಪಸ್ ಮಾಡಿದೆ. ಅವರು ಮತ್ತೆ ಮಾರಾಟಕ್ಕೆ ಹಾಕಿದರು. ಬೇರೆಯವರ ಪಾಲಾಗಬಾರದಲ್ಲ, ಕೊಂಡೆ.”

“ನಿನ್ನ ಕಿವಿ ಮೇಲೆ ಹೂವಿಡ್ತಿದಾನೆ ಕಣೇ! ದುಡ್ಡೆಲ್ಲ ಹೋಯ್ತು.”

“ದುಡ್ಡು ಎಲ್ಲಿಗೆ ಹೋಗುತ್ತೆ ಬಿಡಿ.”

ಮೂರು ತಿಂಗಳ ಹಿಂದೆ ಆಕೆಗೆ ಕತ್ತಿಯ ಗಂಧಗಾಳಿಯೂ ಇರಲಿಲ್ಲ. ಜೀವಮಾನದಲ್ಲಿ ಕೈಯಲ್ಲಿ ಹಿಡಿದದ್ದು ತರಕಾರಿ ಹೆಚ್ಚುವ ಚಾಕು ಮಾತ್ರ. ಆನ್‌ಲೈನಿನಲ್ಲಿ ಆತ ಕತ್ತಿ ಮಾರುವ ಪುಟದಲ್ಲಿ ಹೆಸರು ಕೊಡಬೇಕಾದ ಕಡೆ ‘ಹೊಸಬಳು’ ಎಂದು ಬರೆದು, ಅಳುಕುತ್ತಲೇ ಒಂದು ಪ್ರಶ್ನೆ ಕಳಿಸಿದ್ದಳು: ಇದು ಅಸಲಿ ಎಂದು ಹೇಗೆ ನಂಬಲಿ?

ಒಂದು ಗಂಟೆಯೊಳಗೆ ಉದ್ದನೆಯ ಉತ್ತರ ಬಂತು.

“ನಂಬಬೇಡಿ. ಮಾರುವವನ ಮಾತನ್ನು ಯಾವತ್ತೂ ನಂಬಬೇಡಿ. ಹಿಡಿಯ ಬಿದಿರಿನ ಮೊಳೆ ತೆಗೆಸಿ, ಒಳಗೆ ಅಡಗಿರುವ ಉಕ್ಕಿನ ಬಾಲದ ಫೋಟೋ ಕೇಳಿ. ಅಲ್ಲಿ ತುಕ್ಕು ಕಪ್ಪಗೆ, ನುಣ್ಣಗೆ ಕೂತಿದ್ದರೆ ಹಳೆಯದು. ಕೆಂಪು ತುಕ್ಕು ನಿನ್ನೆ ಮೊನ್ನೆಯದು. ಆ ಕಪ್ಪನ್ನು ಮಾತ್ರ ಎಂದೂ ಉಜ್ಜಿ ತೆಗೆಯಬೇಡಿ. ಕತ್ತಿಯ ವಯಸ್ಸು ಇರುವುದೇ ಅಲ್ಲಿ.”

“ನಾನು ದಿನವಿಡೀ ಉಜ್ಜುವ ಕೆಲಸದವಳು” ಎಂದು ಆಕೆ ಬರೆದಳು.

“ಅಯ್ಯೋ! ಹಾಗಾದರೆ ಕತ್ತಿ ನಿಮ್ಮಿಂದ ದೂರವಿರುವುದೇ ಒಳ್ಳೆಯದು.”

ಆಕೆ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಒಬ್ಬರು ತನ್ನೊಡನೆ ತಮಾಷೆಯಾಗಿ ಮಾತಾಡಿ ವರ್ಷ ಕಳೆದಿತ್ತು.

ಮುಂದಿನ ತಿಂಗಳು ಅದೇ ಕತ್ತಿ ಮತ್ತೆ ಪುಟದಲ್ಲಿ ಕಂಡಿತು. ಆಕೆ ಮತ್ತೆ ಹೊಸಬಳಾದಳು, ಅದೇ ಪ್ರಶ್ನೆ ಕೇಳಿದಳು. ಮೊದಲ ಸಲ ಹೇಳುವವನ ಹುರುಪಿನಲ್ಲೇ ಆತ ಎಲ್ಲವನ್ನೂ ಹೇಳಿದ. ಬರಿಗೈಯಲ್ಲಿ ಅಲಗು ಮುಟ್ಟಬೇಡಿ. ಅದರ ಮೇಲೆ ಬಗ್ಗಿ ಮಾತಾಡಬೇಡಿ, ಉಸಿರಿನ ತೇವಕ್ಕೂ ಅದು ನೊಂದುಕೊಳ್ಳುತ್ತದೆ.

“ಗಿಣಿಪಾಠ! ಬಂದ ಬಂದವರಿಗೆಲ್ಲ ಇದನ್ನೇ ಒಪ್ಪಿಸ್ತಾನೆ” ಎಂದಳು ಇದನ್ನೆಲ್ಲ ಕೇಳಿದ ಪ್ಲಾಸ್ಟರಕ್ಕ. ಅಷ್ಟಕ್ಕೇ ಬಿಡದೆ, ಆಕೆಯ ಕೈಯಿಂದ ಫೋನು ಕಿತ್ತುಕೊಂಡು ಈ ಸಲದ ಮಾತುಕತೆಯನ್ನು ಗಟ್ಟಿಯಾಗಿ ಓದತೊಡಗಿದಳು.

“‘ನಿಮ್ಮ ಮನೆಯವರಿಗೂ ಕತ್ತಿ ಇಷ್ಟವೆ?’ ಇದು ನೀನು ಕೇಳಿದ್ದು. ಅವನು ಏನಂತಾನೆ... ‘ಅವಳಿಗೆ ಕಂಡರಾಗದು. ಮನೆಯನ್ನು ಗುಜರಿ ಅಂಗಡಿ ಮಾಡಿದ್ದೀರಿ ಎನ್ನುತ್ತಿದ್ದಳು. ನೀವು ಕೇಳುವ ಹಾಗೆ ಅವಳು ಒಂದೇ ಒಂದು ದಿನ ಕೇಳಿದ್ದರೆ, ಊಟ ಬಿಟ್ಟು ಹೇಳುತ್ತಿದ್ದೆ.’ ‘ಈಗ ಎಲ್ಲಿದ್ದಾರೆ?’ ‘ತಂಗಿಯ ಮನೆಗೆ ಹೋದವಳು ಇನ್ನೂ ಬಂದಿಲ್ಲ. ನನ್ನ ಮೇಲೆ ಏನು ಬೇಜಾರೋ.’”

ಪ್ಲಾಸ್ಟರಕ್ಕ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. “ನೋಡಿದ್ಯಾ? ಹೆಂಡತಿ ಬಿಟ್ಟುಹೋದಳು ಅನ್ನೋ ರಾಗ ಶುರುವಾಯ್ತು. ಇನ್ನು ನಿನ್ನನ್ನೇ ಮನೆಗೆ ಬಾ ಅಂತಾನೆ.”

“ಅಷ್ಟು ಪುಣ್ಯ ಎಲ್ಲಿದೆ ಅಕ್ಕ.”

ಪ್ಲಾಸ್ಟರಕ್ಕ ಬೆಚ್ಚಿಬಿದ್ದಳು. ಐವತ್ತೆಂಟರ ಈ ಹೆಂಗಸಿಗೆ ಮಂಕುಬೂದಿ ಬಿದ್ದಿರುವುದು ಖಾತ್ರಿಯಾಯಿತು. ಪೆಟ್ಟಿಗೆ ತಿರುಗಿಸಿ ಕಳಿಸಿದವನ ವಿಳಾಸ ನೋಡಿದಳು. “ಇದೇ ಊರಿನವನು! ಎರಡು ಬಸ್‌ಸ್ಟಾಪ್ ಆಚೆ. ಮುಖ ಕೊಟ್ಟು ಕೇಳೋದಲ್ವಾ?”

“ಮುಖ ನೋಡಿದರೆ ಅವರು ಹೀಗೆ ಮಾತಾಡೋದಿಲ್ಲ.”

“ನಾನು ಮಾತಾಡಿಸ್ತೀನಿ, ನಡಿ!”

ಸಂಜೆ ಕೆಲಸ ಮುಗಿಸಿ ಇಬ್ಬರೂ ಬಸ್ಸು ಹತ್ತಿದರು. ಪೆಟ್ಟಿಗೆ ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿತ್ತು. ಪ್ಲಾಸ್ಟರಕ್ಕ ದಾರಿಯುದ್ದಕ್ಕೂ ಬೈಗುಳ ಹದಮಾಡುತ್ತಿದ್ದಳು. ಆಕೆ ಕಿಟಕಿಯಾಚೆ ನೋಡುತ್ತಿದ್ದಳು. ಏನಾದರೂ ನೆಪ ಹೇಳಿ ನಡುವೆಯೇ ಇಳಿದುಬಿಡಬೇಕು ಎನಿಸಿತು. ಆಮೇಲೆ, ಇರಲಿ, ಜೊತೆಗೊಬ್ಬರು ಬರಲಿ ಎನಿಸಿತು.

ಎರಡನೆಯ ಮಹಡಿ. ಏದುಸಿರು ಬಿಡುತ್ತಲೇ ಪ್ಲಾಸ್ಟರಕ್ಕ ಕರೆಗಂಟೆಗೆ ಬೆರಳು ಚಾಚಿದಳು.

ಆಕೆ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತನ್ನ ಚೀಲದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು.

ಪ್ಲಾಸ್ಟರಕ್ಕ ಆಕೆಯ ಹಿಂದೆಯೇ ಒಳಗೆ ಬಂದಳು. ಒಳಗಿದ್ದ ನರ್ಸು “ಇವತ್ತು ಊಟ ಮಾಡಿದರು, ಗಲಾಟೆ ಮಾಡಲಿಲ್ಲ. ನಾನು ಕೊರಿಯರಿಗೆ ಕೊಟ್ಟ ಪೆಟ್ಟಿಗೆ ಬಂತಲ್ಲ” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಸಾಲಾಗಿ ಕತ್ತಿಗಳು, ನಡುವೆ ಒಂದು ಜಾಗ ಖಾಲಿ. ಆಕೆ ಪೆಟ್ಟಿಗೆ ಬಿಚ್ಚಿ, ಉಸಿರು ಬಿಗಿಹಿಡಿದು, ಕತ್ತಿಯನ್ನು ಅಲ್ಲಿಟ್ಟು ಕಪಾಟಿಗೆ ಬೀಗ ಹಾಕಿದಳು.

ಕಿಟಕಿಯ ಬಳಿ ಕಂಪ್ಯೂಟರಿನ ಮುಂದೆ ಕೂತಿದ್ದ, ಮೂವತ್ತೊಂದು ವರ್ಷ ಜೊತೆಯಲ್ಲಿ ಬಾಳಿದ ಗಂಡ ತಲೆಯೆತ್ತಿ ನೋಡಿ, ಗಾಬರಿಯಿಂದ ಎದ್ದು ನಿಂತು ಕೇಳಿದ: “ಯಾರು ಬೇಕಿತ್ತಮ್ಮ? ನನ್ನ ಹೆಂಡತಿ ಮನೇಲಿಲ್ಲ.”